ಶಿನ್‌ವು ಅಥವಾ ಗುವಾನ್‌ಯಿನ್: ತೈವಾನಿನ ಹಕ್ಕಾ ಕರಾವಳಿಯಲ್ಲಿ ಒಂದು ದಿನ

ತಾವೊಯುವಾನ್ 2014ರ ಡಿಸೆಂಬರ್‌ನಲ್ಲಿ ವಿಶೇಷ ಮಹಾನಗರವಾದಾಗ ಅದರ ಜಿಲ್ಲೆಗಳಾದ ಈ ನೆರೆಹೊರೆಯ ಕರಾವಳಿ ಊರುಗಳಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ, ತಮ್ಮದೇ ಭಾಷೆಯುಳ್ಳ ಚೀನೀ ಮೂಲದ ಸಮುದಾಯವಾದ ಹಕ್ಕಾ ಜನರ ಬದುಕನ್ನು ಅರಿಯಲು ಬಯಸುವವರು ಶಿನ್‌ವುವನ್ನೇ ಆರಿಸುವುದು ಒಳಿತು. ತೈವಾನಿನಲ್ಲಿ ಹಕ್ಕಾ ಜನರೆಂದರೆ ಬೆಟ್ಟದ ತಪ್ಪಲಿನ ಕೃಷಿಕರೆಂಬ ಭಾವನೆ ಸಾಮಾನ್ಯವಾಗಿದ್ದರೂ, ಇಲ್ಲಿ ಅವರು ಭತ್ತದ ಗದ್ದೆಗಳ ಜೊತೆಗೆ ಯೋಂಗ್‌ಆನ್ ಮೀನುಗಾರಿಕಾ ಬಂದರನ್ನೂ ನೆಚ್ಚಿಕೊಂಡಿದ್ದಾರೆ. ಭರತದೊಡನೆ ಒಳಬಂದ ಮೀನುಗಳನ್ನು ಇಳಿತದ ವೇಳೆ ಹಿಡಿದಿಡುವ ಹಳೆಯ ಕಲ್ಲಿನ ಒಡ್ಡುಗಳು ತೀರದಲ್ಲಿ ಇಂದಿಗೂ ಉಳಿದಿವೆ. ಗಾಳಿತಡೆ ಮರಗಳ ನೆರಳಿನ ಸೈಕಲ್ ದಾರಿಯೂ ಶಿನ್‌ವುವಿನಲ್ಲಿದೆ.

ಗುವಾನ್‌ಯಿನ್‌ನಲ್ಲಿ ಕೈಗಾರಿಕಾ ವಲಯದ ಛಾಯೆ ಹೆಚ್ಚು. ಆದರೂ ಬೇಸಿಗೆಯ ತಾವರೆ ಹೊಲಗಳಿಗೆ ಮತ್ತು 1901ರ ಬೈಶಾಜಿಯಾ ದೀಪಸ್ತಂಭಕ್ಕೆ ಶಿನ್‌ವುವಿನಲ್ಲಿ ಸಾಟಿಯಿಲ್ಲ. ಚಳಿಗಾಲದಲ್ಲಿ ಎರಡೂ ಕಡೆ ಈಶಾನ್ಯ ಮಾರುತದ ಹೊಡೆತ ಒಂದೇ.