ಗಾಳ ನುಂಗಿದ ಮರಿಮೀನು: ಕಡ್ಡಿಯೋ, ಫೋರ್ಸೆಪ್ಸೋ, ಕತ್ತರಿಯೋ?

ಮಳೆ ನಿಂತು ತುಂಗಭದ್ರೆಯ ಕೆಂಪು ನೀರು ತಿಳಿಯಾದ ಮೇಲೆ, ಬಿಡುವಾದ ಭಾನುವಾರ ನಾನು ಚೌಡದಾನಪುರದ ಕಡೆ ಗಾಳ ಹಿಡಿದು ಹೋಗುತ್ತೇನೆ. ಮುಕ್ತೇಶ್ವರ ಗುಡಿಯಿಂದ ಸಾಕಷ್ಟು ದೂರ ಹೋಗಿ ಕೂರುತ್ತೇನೆ, ಗುಡಿ ಹತ್ತಿರ ಮೀನು ಹಿಡಿಯುವುದು ಮನಸ್ಸಿಗೆ ಒಗ್ಗುವುದಿಲ್ಲ. ಜೊತೆಗೆ ಅಣ್ಣನ ಮಗ. ಅವನ ಕಣ್ಣು ಬೆಂಡಿನ ಮೇಲಿರುವುದಕ್ಕಿಂತ ಮಿರ್ಚಿ ಮಂಡಕ್ಕಿ ಪೊಟ್ಟಣದ ಮೇಲೆಯೇ ಜಾಸ್ತಿ. ಬೆಂಡು ಮುಳುಗಿ ಎಷ್ಟೋ ಹೊತ್ತಾದ ಮೇಲೆ ಎಳೆಯುತ್ತಾನೆ. "ಕಾಕಾ, ಪೂರಾ ನುಂಗೇ ಬಿಟ್ಟೈತಿ ನೋಡು!"

ನೋಡಿದರೆ ಗೇಣುದ್ದವೂ ಇಲ್ಲದ ರೋಹು ಮರಿ. ತುಟಿಯಲ್ಲಿ ಗಾಳವೇ ಕಾಣುವುದಿಲ್ಲ, ದಾರ ಸೀದಾ ಗಂಟಲೊಳಗೆ ಹೋಗಿರುತ್ತದೆ. ಇಂಥದ್ದನ್ನು ಬದುಕಿಸಿ ನೀರಿಗೆ ಬಿಡುವುದು ಹೇಗೆ ಅಂತ ಎರಡು ವರ್ಷದಿಂದ ಬೇರೆ ಬೇರೆ ದಾರಿ ನೋಡಿದ್ದೇನೆ.

ಮೊದಮೊದಲು ದಾರ ಹಿಡಿದು ಎಳೆಯುತ್ತಿದ್ದೆ. ಅದನ್ನು ಉಪಾಯ ಅನ್ನಲಿಕ್ಕೆ ನಾಚಿಕೆಯಾಗುತ್ತದೆ. ಮೀನಿನ ಹೃದಯ ಇರುವುದು ಕಿವಿರಿನ ಹಿಂದೆಯೇ, ಗಂಟಲಿನ ಕೆಳಗೆ. ಎಳೆದರೆ ಗಾಳದ ಮುಳ್ಳು, ಅಂದರೆ ತುದಿಯ ಹತ್ತಿರ ಹಿಂದಕ್ಕೆ ಚಾಚಿದ ಸಣ್ಣ ಕೊಕ್ಕೆ, ಆ ಜಾಗವನ್ನೇ ಹರಿಯುತ್ತದೆ. ಬಿಟ್ಟ ಮೀನು ಈಜಿದಂತೆ ಕಂಡರೂ ಸ್ವಲ್ಪ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲುತ್ತದೆ.

ಆಮೇಲೆ ಕಡ್ಡಿ. ಪೇಟೆಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತದೆ, ತುದಿಯಲ್ಲಿ ಸಣ್ಣ ಸೀಳು ಇರುತ್ತದೆ. ನಾನು ಹಳೇ ಬಾಲ್ ಪೆನ್ನಿನ ಕೊಳವೆ ಸೀಳಿ ಮನೆಯಲ್ಲೇ ಮಾಡಿಕೊಂಡೆ. ದಾರವನ್ನು ಸೀಳಿಗೆ ಸಿಕ್ಕಿಸಬೇಕು, ಒಂದು ಕೈಯಲ್ಲಿ ದಾರ ಬಿಗಿ ಹಿಡಿಯಬೇಕು, ಕಡ್ಡಿಯನ್ನು ದಾರದ ಗುಂಟ ಗಾಳದ ಬಾಗಿನ ತನಕ ಇಳಿಸಬೇಕು. ಅಲ್ಲಿಂದ ತುಸು ಒಳಕ್ಕೆ ಒತ್ತಿದರೆ ಮುಳ್ಳು ಬಿಡುತ್ತದೆ, ಆಗ ಎರಡನ್ನೂ ಒಟ್ಟಿಗೆ ಹೊರಗೆ ತೆಗೆಯಬೇಕು. ಎಲ್ಲರೂ ತಪ್ಪುವುದು ಎಳೆಯುವ ಆತುರದಲ್ಲಿ. ಮೊದಲು ಒಳಕ್ಕೆ, ಆಮೇಲೆ ಹೊರಕ್ಕೆ. ಗಾಳ ಸಣ್ಣದಿದ್ದು, ನಾಲಿಗೆ ಹಿಂದೆ ಸಿಕ್ಕಿದ್ದರೆ ಇದರಷ್ಟು ಬೇಗ ಬಿಡಿಸುವುದು ಬೇರೊಂದಿಲ್ಲ. ಗಾಳ ಇನ್ನೂ ಆಳಕ್ಕೆ ಇಳಿದಿದ್ದರೆ ಮಾತ್ರ ಇದು ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ.

ಫೋರ್ಸೆಪ್ಸ್ ಹುಬ್ಬಳ್ಳಿಯ ಸರ್ಜಿಕಲ್ ಅಂಗಡಿಯಿಂದ ತಂದೆ. ಡಾಕ್ಟರು ರಕ್ತನಾಳ ಹಿಡಿಯುವ, ಹಿಡಿದಲ್ಲೇ ಲಾಕ್ ಆಗುವ ಚಿಮಟ. ಗಾಳದ ಬಾಲ, ಅಂದರೆ ದಾರ ಕಟ್ಟುವ ನೆಟ್ಟಗಿನ ಭಾಗ, ಕಣ್ಣಿಗೆ ಕಂಡರೆ ಇದು ಕಡ್ಡಿಗಿಂತ ಮೇಲು, ಏನು ಹಿಡಿದೆ ಅಂತ ಗೊತ್ತಿರುತ್ತದೆ. ಮೀಸೆ ಮೀನಿಗಂತೂ ಇದೇ ಸರಿ, ಅದರ ರೆಕ್ಕೆಯ ಮುಳ್ಳು ಚುಚ್ಚಿದರೆ ಕೈ ರಾತ್ರಿಯಿಡೀ ಉರಿಯುತ್ತದೆ. ಆದರೆ ಸಣ್ಣ ರೋಹುವಿನ ಬಾಯಿಗೆ ಇದು ತೂರುವುದೇ ಕಷ್ಟ. ಎರಡು ಸಲ ಕಿವಿರಿಗೆ ತಾಗಿ ರಕ್ತ ಬಂತು. ಕಿವಿರಿಂದ ರಕ್ತ ಬಂದ ಮೇಲೆ ಮೀನನ್ನು ನೀರಿಗೆ ಬಿಟ್ಟರೂ ಅದು ನಮ್ಮ ಸಮಾಧಾನಕ್ಕಷ್ಟೇ. ಕಿವಿರಿನ ಸಂದಿಯಿಂದ ಗಾಳ ತಿರುಗಿಸುವ ಉಪಾಯವೂ ಇದೆ. ದೊಡ್ಡ ಮೀನಿಗೆ ಇರಲಿ, ಮರಿಗೆ ಬೇಡ.

ಕೊನೆಗೆ ಉಳಿದದ್ದು ಕತ್ತರಿ. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಅಂಬಿಗರ ಅಜ್ಜ ನನ್ನ ಹೆಣಗಾಟ ನೋಡಿ, "ದಾರ ಕತ್ತರಿಸಿ ಬಿಡೋ ತಮ್ಮಾ, ಅದರ ಪಾಡಿಗೆ ಅದು ಹೋಗತೈತಿ" ಅಂದ. ಸೋಮಾರಿಯ ಮಾತು ಅಂದುಕೊಂಡೆ. ತಪ್ಪು ನನ್ನದೇ. ಬ್ಲೂಗಿಲ್ ಎಂಬ ಸಣ್ಣ ಮೀನಿನ ಮೇಲೆ ಕೆನಡಾದಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಆಳಕ್ಕೆ ನುಂಗಿದ ಗಾಳವನ್ನು ಕಿತ್ತ ಮೀನುಗಳಿಗಿಂತ, ದಾರ ಕತ್ತರಿಸಿ ಬಿಟ್ಟ ಮೀನುಗಳು ಹೆಚ್ಚು ಬದುಕಿದವು. ಎಷ್ಟೋ ಮೀನು ಗಾಳವನ್ನು ತಾವೇ ಹೊರಹಾಕಿದವು. ಅದಕ್ಕೆ ಈಗ ಗಾಳದ ಬಾಲ ಕಾಣದಿದ್ದರೆ ನಾನು ಕೆದಕುವುದೇ ಇಲ್ಲ. ದಾರವನ್ನು ಗಾಳಕ್ಕೆ ಆದಷ್ಟು ಹತ್ತಿರ ಕತ್ತರಿಸುತ್ತೇನೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಗಾಳ ಬಿಟ್ಟು ಸಾದಾ ಉಕ್ಕಿನದೇ ಕಟ್ಟುತ್ತೇನೆ. ಒಂದು ಗಾಳ ಹೋಯಿತಲ್ಲ ಅನ್ನುವ ಸಂಕಟ ಇದ್ದೇ ಇದೆ, ಆದರೆ ಅದು ಒಂದು ಚಹಾದ ಬೆಲೆಗಿಂತ ಕಡಿಮೆ, ಅಲ್ವಾ?

ಯಾವುದೇ ಬಳಸಿ, ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ಹತ್ತುತ್ತದೆ. ನೀರಿನ ಮಟ್ಟದಲ್ಲೇ ಹಿಡಿದು ಬಿಡಿಸಿದರೆ ಇನ್ನೂ ಒಳ್ಳೆಯದು.

ಜಿಲೇಬಿ ಮೀನು (ತಿಲಾಪಿಯಾ) ನುಂಗಿದ್ದರೆ ನನಗೆ ಈ ಚಿಂತೆಯೇ ಇಲ್ಲ. ಆಫ್ರಿಕಾದ ಮೀನು ಅದು, ನಮ್ಮ ದೇಶಕ್ಕೆ 1952ರಲ್ಲಿ ಬಂದದ್ದು. ಈಗ ಕೆರೆ ಹೊಳೆ ಎಲ್ಲ ಅದರದೇ. ಸೀದಾ ಚೀಲಕ್ಕೆ, ಅಲ್ಲಿಂದ ಬಾಣಲೆಗೆ.

ಕಳೆದ ತಿಂಗಳಿಂದ ಇಕ್ಕಳದಲ್ಲಿ ಗಾಳದ ಮುಳ್ಳನ್ನೇ ಒತ್ತಿ ಚಪ್ಪಟೆ ಮಾಡಿಟ್ಟಿದ್ದೇನೆ. ಕೆಲವು ಮೀನು ತಪ್ಪಿಸಿಕೊಳ್ಳುತ್ತವೆ ನಿಜ, ಆದರೆ ಸಿಕ್ಕಿದ್ದು ಕಡ್ಡಿಗೆ ಸಲೀಸಾಗಿ ಬಿಡುತ್ತದೆ. ಇನ್ನು ಅಣ್ಣನ ಮಗನ ಮಿರ್ಚಿಯನ್ನು ಗಾಳ ಎತ್ತಿಟ್ಟ ಮೇಲೆಯೇ ಕೊಡುವುದು ಅಂತ ಗೊತ್ತು ಮಾಡಿದ್ದೇನೆ.