ವೈಫೈಗೆ ಎಕ್ಸ್‌ಟೆಂಡರ್ ಒಳ್ಳೆಯದಾ, ಕೇಬಲ್ ಒಳ್ಳೆಯದಾ? ಮಣ್ಣಿನ ಗೋಡೆಯ ಮನೆಯಲ್ಲಿ ನೋಡಿದ್ದು

ಜೂನ್‌ನಲ್ಲಿ ಹೊಸ ಲ್ಯಾಪ್‌ಟಾಪ್ ತಗೊಂಡೆ. ಸೋಮವಾರಪೇಟೆ ಹತ್ತಿರದ ನಮ್ಮ ತೋಟದ ಮನೆಗೆ 100 ಮೆಗಾಬಿಟ್ ಫೈಬರ್ ಇದೆ. ಆದರೆ ನಾನು ಕೆಲಸಕ್ಕೆ ಕೂರುವ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿಗೆ ಸಿಗುತ್ತಿದ್ದದ್ದು 9. ಅದೇ ಮೇಜಿನ ಮೇಲೆ ಅಮ್ಮನ ಫೋನಿಗೆ 20 ದಾಟುತ್ತಿತ್ತು. ಲ್ಯಾಪ್‌ಟಾಪೇ ಸರಿಯಿಲ್ಲ, ವಾಪಸ್ ಕೊಡೋಣ ಅಂತ ಡಬ್ಬ ಹುಡುಕಿ ತೆಗೆದಿಟ್ಟೆ. ಅದಕ್ಕೂ ಮೊದಲು ಜಗಲಿಯಲ್ಲಿ ರೌಟರ್ ಪಕ್ಕವೇ ಕೂತು ಅಳೆದೆ. 92 ಬಂತು! ಲೈನೂ ಸರಿ, ಲ್ಯಾಪ್‌ಟಾಪೂ ಸರಿ. ನೀವೂ ಮೊದಲು ಇದನ್ನೇ ಮಾಡಿ, ಖರ್ಚಿಲ್ಲದ ಪರೀಕ್ಷೆ.

ಸೆಟ್ಟಿಂಗ್‌ಗಳಿಂದ ಶುರು ಮಾಡಿದೆ. ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಹೊಸದು ಹಾಕಿದೆ, ಏನೂ ಬದಲಾಗಲಿಲ್ಲ. ಕರೆಂಟ್ ಉಳಿಸಲು ವೈಫೈ ಕಾರ್ಡನ್ನು ಆಫ್ ಮಾಡುವ ಆಯ್ಕೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಇರುತ್ತದೆ. ಅದರ ಟಿಕ್ ತೆಗೆದ ಮೇಲೆ ಆಗಾಗ ಕನೆಕ್ಷನ್ ಬಿಟ್ಟುಹೋಗುವುದು ನಿಂತಿತು, ವೇಗ ಮಾತ್ರ ಅಷ್ಟೇ. ರೌಟರಿನ ಚಾನೆಲ್ (ವೈಫೈ ಓಡುವ ದಾರಿ) ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಅಕ್ಕಪಕ್ಕದ ಮನೆಗಳ ವೈಫೈ ಸಾಲಾಗಿ ಕಾಣುವ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಅದು ಸರಿಯಾದ ಮಾತು. ಇಲ್ಲಿ ನಮ್ಮ ವೈಫೈ ಬಿಟ್ಟರೆ ಸುತ್ತ ಕಾಫಿ ಗಿಡ, ಅಷ್ಟೇ.

ನಿಜವಾದ ಗುಟ್ಟು ಸಿಕ್ಕಿದ್ದು ಬೇರೆ ಕಡೆ. ಫೋಟೋ ಇಡಲು ಒಂದು ಹಾರ್ಡ್‌ಡಿಸ್ಕ್ ಸದಾ ಲ್ಯಾಪ್‌ಟಾಪಿಗೆ ಚುಚ್ಚಿಯೇ ಇರುತ್ತಿತ್ತು. ಅದನ್ನು ಕಿತ್ತ ಕೂಡಲೇ 9 ಇದ್ದದ್ದು 21 ಆಯಿತು. ಅಂಥ ಯುಎಸ್‌ಬಿ 3 ಸಾಧನಗಳೂ ಅವುಗಳ ವೈರೂ ವೈಫೈ ಓಡುವ ರೇಡಿಯೋ ಬ್ಯಾಂಡ್‌ಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ. ಅಮ್ಮನ ಫೋನಿಗೆ ಏಕೆ ಜಾಸ್ತಿ ಬರುತ್ತಿತ್ತು ಅಂತ ಆಗ ಗೊತ್ತಾಯಿತು.

ಹಾಗಾದರೆ ಇನ್ನೊಂದು ಬ್ಯಾಂಡ್, 5 ಗಿಗಾಹರ್ಟ್ಸ್ ಬಳಸಬಹುದಲ್ವಾ? ಜಗಲಿಯಲ್ಲಿ ಅದೇ ಉತ್ತಮ. ಹಿಂದಿನ ಕೋಣೆಗೆ ಬಂದರೆ ಸಿಗ್ನಲ್ ಒಂದೇ ಕಡ್ಡಿ, ವಿಡಿಯೋ ಕಾಲ್ ಮಧ್ಯದಲ್ಲೇ ಕಟ್. ನಮ್ಮದು ಹಳೆಯ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಅಂಥ ಎರಡು ಗೋಡೆ ಮಧ್ಯೆ ಇದ್ದರೆ 5 ಸೋಲುತ್ತದೆ, 2.4 ನಿಧಾನವಾದರೂ ದಾಟಿ ಬರುತ್ತದೆ. ಕಬ್ಬಿಣದ ಬೀರುವಿನ ಹಿಂದೆ ನೆಲದ ಮೇಲಿದ್ದ ರೌಟರನ್ನು ತೆಗೆದು ನಡುಮನೆ ಬಾಗಿಲಿನ ಮೇಲೆ ಇಟ್ಟೆ. 38 ಆಯಿತು. ಬರೀ ಜಾಗ ಬದಲಿಸಿದ್ದಕ್ಕೆ ಇಷ್ಟು! ಫೈಬರ್ ವೈರ್ ಚೂಪಾಗಿ ಮಡಚದಂತೆ ಮಾತ್ರ ನೋಡಿಕೊಳ್ಳಬೇಕು.

ಮನೆ ಮಂದಿಗೆಲ್ಲ 38 ಸಾಲದು. ಹಾಗಾಗಿ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಎಕ್ಸ್‌ಟೆಂಡರ್ ತಂದೆ. ಪ್ಲಗ್‌ಗೆ ಚುಚ್ಚಿದರೆ ಆಯಿತು, ಐದು ನಿಮಿಷದ ಕೆಲಸ. ಕಡ್ಡಿ ಪೂರ್ತಿ ತುಂಬಿತು, ಖುಷಿಯಾಯಿತು. ಅಳೆದರೆ 26! ನಾನು ತಂದಂಥ ಎಕ್ಸ್‌ಟೆಂಡರ್ ಒಂದೇ ಬ್ಯಾಂಡಿನಲ್ಲಿ ರೌಟರ್ ಹೇಳಿದ್ದನ್ನು ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು. ಅಲ್ಲಿಗೆ ವೇಗ ಸುಮಾರು ಅರ್ಧ ಹೋಗುತ್ತದೆ. ಅದಕ್ಕಿಂತ ನನಗೆ ಬೇಸರ ತಂದದ್ದು ಕರೆಂಟ್. ಜುಲೈ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ರೌಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಇದೆ, ಅದು ನಡೆಯುತ್ತದೆ. ಗೋಡೆಯ ಪ್ಲಗ್‌ಗೇ ಕೂರುವ ಎಕ್ಸ್‌ಟೆಂಡರ್ ಆ ಕ್ಷಣವೇ ಸಾಯುತ್ತದೆ. ಕೊಡಗಿನ ಮಳೆಗಾಲದಲ್ಲಿ ಇದು ಸಣ್ಣ ಕೊರತೆ ಅಲ್ಲ.

ಕೊನೆಗೆ ಕೇಬಲ್. 25 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ವೈರನ್ನು ಅಟ್ಟದ ಮೇಲಿಂದ ಎಳೆದೆ. ಇಡೀ ಭಾನುವಾರ ಹೋಯಿತು. ಇಲಿ ಕಡಿಯದಂತೆ ಪಿವಿಸಿ ಪೈಪಿನೊಳಗೆ ತೂರಿಸಿದೆ. ಹೊಸ ಲ್ಯಾಪ್‌ಟಾಪಿಗೆ ಈ ವೈರ್ ಚುಚ್ಚುವ ಲ್ಯಾನ್ ಪೋರ್ಟೇ ಇಲ್ಲ, ಹಾಗಾಗಿ ಮನೆಯಲ್ಲೇ ಬಿದ್ದಿದ್ದ ಹಳೆಯ ರೌಟರನ್ನು ಆ ತುದಿಗೆ ಇಟ್ಟೆ. ಅದರಲ್ಲಿ ಡಿಎಚ್‌ಸಿಪಿ (ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ) ಆಫ್ ಮಾಡಬೇಕು, ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) ಮೊದಲ ರೌಟರಿನದ್ದಕ್ಕಿಂತ ಬೇರೆ ಇಡಬೇಕು, ವೈರನ್ನು ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಬೇಕು. ಈ ಮೂರು ಮರೆತರೆ ಎರಡು ರೌಟರ್ ಒಂದಕ್ಕೊಂದು ಜಗಳ ಆಡುತ್ತವೆ. ಈಗ ಹಿಂದಿನ ಕೋಣೆಯಲ್ಲೂ 5 ಗಿಗಾಹರ್ಟ್ಸ್, ಹಾರ್ಡ್‌ಡಿಸ್ಕ್ ಚುಚ್ಚಿದ್ದರೂ 91. ಹಳೆಯ ರೌಟರೂ 12 ವೋಲ್ಟಿನದೇ, ಅದಕ್ಕೂ ಒಂದು ಯುಪಿಎಸ್ ತಂದೆ.

ಎಕ್ಸ್‌ಟೆಂಡರ್ ಈಗ ಕುಶಾಲನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದೆ. ಅಲ್ಲಿ ತೆಳು ಇಟ್ಟಿಗೆ ಗೋಡೆ, ಫೋನಿನಲ್ಲಿ ವಿಡಿಯೋ ನೋಡಿದರೆ ಸಾಕು. ಅವರಿಗೆ ಅದು ಚೆನ್ನಾಗಿಯೇ ನಡೆಯುತ್ತಿದೆ, ಅಟ್ಟ ಹತ್ತುವ ಕೆಲಸ ಬೇಕಿಲ್ಲ.

ಕೇಬಲಿಗೆ ಒಂದು ಭಯ ಇದ್ದೇ ಇದೆ, ಸಿಡಿಲು. ಉದ್ದದ ತಾಮ್ರದ ವೈರ್ ಅಲ್ವಾ, ಎರಡೂ ತುದಿಯ ಪೆಟ್ಟಿಗೆ ಸುಡಬಹುದು. ಅದಕ್ಕೇ ಮನೆಯ ಹೊರಗೆ ಎಳೆಯಲಿಲ್ಲ. ಗುಡುಗು ಶುರುವಾಗುವ ಮೊದಲೇ ಪ್ಲಗ್ಗನ್ನೂ ವೈರನ್ನೂ ಎರಡೂ ಕಡೆ ಕಳಚಿಡುತ್ತೇವೆ. ನಾನು ಕಾಲ್‌ನಲ್ಲಿದ್ದರೆ ಅಮ್ಮನೇ ಬಂದು ಹೇಳುತ್ತಾರೆ, "ಸಾಕು, ಕಳಚು."