ಪಾಶ್ ಶಾಲಾ ಜಾಲ: ಜರ್ಮನ್ ತರಗತಿಗೆ ಬಂದ ಕಸದ ಡಬ್ಬಿ

2008ರಲ್ಲಿ ಜರ್ಮನಿಯ ವಿದೇಶಾಂಗ ಇಲಾಖೆ ಶುರುಮಾಡಿದ ಪಾಶ್, ಅಂದರೆ ಜರ್ಮನ್ ಕಲಿಸುವ ಜಗತ್ತಿನ ಶಾಲೆಗಳ ಜಾಲದಲ್ಲಿ, ಜರ್ಮನ್ ಶಿಕ್ಷಕರಿಗೆ ಸಿಗುವ ದೊಡ್ಡ ಲಾಭವೆಂದರೆ ಪರದೇಶದಲ್ಲೊಂದು 'ಜೊತೆ ಶಾಲೆ', ಅಂದರೆ ಜೊತೆಗೂಡಿ ಪಾಠ ಮಾಡಬಹುದಾದ ಶಾಲೆ. ಸುಸ್ಥಿರತೆಯ ಪಾಠಕ್ಕೆ ಇದು ಹೇಳಿ ಮಾಡಿಸಿದ್ದು.

ಎ1, ಅಂದರೆ ಭಾಷೆ ಕಲಿಕೆಯ ಮೊದಲ ಹಂತಕ್ಕೆ ಕಸ ವಿಂಗಡಣೆಯೇ ಸಾಕು. ಜರ್ಮನಿಯಲ್ಲಿ ಸಾಮಾನ್ಯವಾಗಿ ಕಾಗದ ನೀಲಿ ಡಬ್ಬಿಗೆ, ಪ್ಯಾಕಿಂಗ್ ಹಳದಿಗೆ, ಹಸಿ ಕಸ ಕಂದು ಡಬ್ಬಿಗೆ; ಬೆಂಗಳೂರಿನಲ್ಲಿ ಹಸಿರು, ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ. ಅಲ್ಲಿ ಜರ್ಮನಿಯಲ್ಲಿ ಊರೂರಿಗೂ ಬಣ್ಣ ಬದಲಾಗುವುದರಿಂದ ಪುಸ್ತಕದ ಚಿತ್ರ ನಂಬದೆ ಜೊತೆ ಶಾಲೆಯಿಂದಲೇ ಫೋಟೊ ತರಿಸಿ. ಒಡೆದ ಕುಡಿಯುವ ಲೋಟವನ್ನು ಗಾಜಿನ ಬಾಟಲಿಗಳ ಜೊತೆ ಹಾಕುವಂತಿಲ್ಲ, ಅದು ಬೇರೆ ಉಷ್ಣತೆಯಲ್ಲಿ ಕರಗುತ್ತದೆ. ಮಕ್ಕಳನ್ನು ಚರ್ಚೆಗೆ ಎಳೆಯುವುದು ಇಂಥವೇ.

ವ್ಯಾಕರಣದಲ್ಲಿ ಎಡವುವುದು 'ಇನ್ ಡೀ ಗೆಲ್ಬೆ ಟೊನ್ನೆ' (ಹಳದಿ ಡಬ್ಬಿಗೆ), 'ಇನ್ ಡೆರ್ ಗೆಲ್ಬೆನ್ ಟೊನ್ನೆ' (ಹಳದಿ ಡಬ್ಬಿಯಲ್ಲಿ) ನಡುವೆ. ನಮ್ಮ 'ಡಬ್ಬಿಗೆ', 'ಡಬ್ಬಿಯಲ್ಲಿ' ತೋರಿಸಿದರೆ ತಟ್ಟನೆ ಹತ್ತುತ್ತದೆ.

ತೊಡಕು ವೇಳಾಪಟ್ಟಿಯದು. ನಮ್ಮ ಮತ್ತು ಜರ್ಮನಿಯ ಗಡಿಯಾರದ ನಡುವೆ ಚಳಿಗಾಲದಲ್ಲಿ ನಾಲ್ಕೂವರೆ ತಾಸು, ಬೇಸಿಗೆಯಲ್ಲಿ ಮೂರೂವರೆ ತಾಸು ಅಂತರ. ನಮ್ಮ ರಜೆ ಏಪ್ರಿಲ್-ಮೇ, ಅವರದು ಜುಲೈ-ಆಗಸ್ಟ್ ಸುತ್ತ. ವಿಡಿಯೊ ಕರೆಗೆ ನವೆಂಬರ್ ಒಳ್ಳೆಯದು: ಇಲ್ಲಿ ಮಧ್ಯಾಹ್ನ 2, ಅಲ್ಲಿ ಬೆಳಿಗ್ಗೆ ಒಂಬತ್ತೂವರೆ.